ಅಪ್ಪನ ಹೆರಾಲ್ಡು

ಗಡಿನಾಡಿನಲ್ಲಿ ಹುಟ್ಟಿದವರಿಗೆ ತಮ್ಮ ಊರು ಯಾವುದೆಂದು ಹೇಳುವುದೇ ಒಂದು ಪೇಚಾಟ. ಚಂದ್ರಗಿರಿ ಹೊಳೆಯ ಆಚೀಚೆ ಇರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹೊಸೂರಿನವರ ಪಾಡೂ ಅದೇ. ಬೆಂಗಳೂರಿನ ನೆಂಟರ ಮನೆಯಲ್ಲಿ ನಾವು ತಮಿಳುನಾಡಿನವರು. ಚೆನ್ನೈಗೆ ಹೋದರೆ ಕನ್ನಡದವರು. ಊರಿನ ಹೆಸರು ನೋಡಿದರೆ 'ಹೊಸ ಊರು' ಎಂಬ ಅಚ್ಚ ಕನ್ನಡ. ತಮಿಳು ಬೋರ್ಡಿನಲ್ಲಿ ಅದೇ 'ಓಸೂರು'. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ನಾವು ಮದರಾಸಿನ ಕಡೆಯೇ ಉಳಿದೆವು. ಆಮೇಲೆ ನಾವಿದ್ದ ಮನೆ ಒಂದಡಿಯೂ ಕದಲಲಿಲ್ಲ, ಜಿಲ್ಲೆ ಮಾತ್ರ ಬದಲಾಗುತ್ತಾ ಬಂತು. ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ.

ಇಂಥ ಊರಿನಲ್ಲಿ, ನಮ್ಮ ಮನೆಯ ಮುಂದೆ, ಎಂಟು ವರ್ಷ ಕಾಲ ಒಂದು ಕಾರು ನಿಂತಿತ್ತು. ಅದರ ನಂಬರು ಶುರುವಾಗುತ್ತಿದ್ದುದು 'ಎಂವೈ' ಎಂಬ ಅಕ್ಷರಗಳಿಂದ. ಎಂವೈ ಎಂದರೆ ಮೈಸೂರು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದ ಮೇಲೆ ಆ ಅಕ್ಷರಗಳು ಹೋಗಿ 'ಸಿಎ' ಬಂತು. 1989ರಲ್ಲಿ ಹೊಸ ಕಾಯಿದೆ ಜಾರಿಯಾದ ನಂತರ 'ಕೆಎ' ಬಂತು. ರಾಜ್ಯದ ಹೆಸರೇ ಹೋದ ಮೇಲೂ ಹಳೆಯ ಕಾರುಗಳ ಹಣೆಯ ಮೇಲೆ ಮೈಸೂರು ಉಳಿದುಕೊಂಡಿತ್ತು. ಆ ಕಾರು ನಮ್ಮ ಅಪ್ಪನ ಮೊದಲ ಕಾರು. ಕೊನೆಯದೂ ಅದೇ.

ಅಪ್ಪ ರೇಷ್ಮೆ ಗೂಡಿನ ವ್ಯಾಪಾರಿ. ನಮ್ಮದು ಹೊಸೂರಿನಿಂದ ತಳಿಗೆ ಹೋಗುವ ದಾರಿಯ ಒಂದು ಹಳ್ಳಿ. ತಳಿ, ದೇಂಕಣಿಕೋಟೆ, ಕೆಳಮಂಗಲದ ಸುತ್ತ ಮನೆಮನೆಯಲ್ಲೂ ಹುಳು ಸಾಕುತ್ತಿದ್ದ ಕಾಲ ಅದು. ಅಪ್ಪ ರೈತರಿಗೆ ಮುಂಗಡ ಕೊಟ್ಟಿರುತ್ತಿದ್ದರು. ಗೂಡು ಬಿಡಿಸಿದ ದಿನ ತೂಕ ಹಾಕಿ ತಂದು ರಾಮನಗರಕ್ಕೆ ಸಾಗಿಸುತ್ತಿದ್ದರು. ಈ ವ್ಯಾಪಾರದಲ್ಲಿ ಗಡಿಯಾರವೇ ಯಜಮಾನ. ಹುಳು ಚಂದ್ರಿಕೆ ಹತ್ತಿ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಒಳಗಿನಿಂದ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಎಳೆಯಲಾಗದು. ಗೂಡು ಗಟ್ಟಿಯಾಗಿ ಬಿಡಿಸುವ ಹೊತ್ತಿಗೇ ಅರ್ಧ ದಿನಗಳು ಕಳೆದಿರುತ್ತವೆ. ಉಳಿದ ನಾಲ್ಕಾರು ದಿನದಲ್ಲಿ ತೂಕ, ಸಾಗಣೆ, ಮಾರಾಟ, ರೀಲರನ ಒಲೆ, ಎಲ್ಲವೂ ಆಗಬೇಕು. ಬಸ್ಸಿನ ಟಾಪಿನ ಮೇಲೆ ಚೀಲ ಹಾಕಿದರೆ ಮಳೆ. ಲಾರಿಗೆ ಕಾದರೆ ತಡ. ಆದ್ದರಿಂದ ಅಪ್ಪನಿಗೆ ಕಾರು ಬೇಕಾದದ್ದು ಷೋಕಿಗಲ್ಲ.

ಆಗ ದೇಶದಲ್ಲಿ ಇದ್ದ ಕಾರುಗಳಾದರೂ ಎಷ್ಟು? ಕಲ್ಕತ್ತೆಯ ಕಡೆಯಿಂದ ಅಂಬಾಸಡರ್, ಬೊಂಬಾಯಿಯಿಂದ ಫಿಯೆಟ್, ಮದರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸದು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್ ಕಂಪೆನಿಯ ಕಾರು. ಅದರ ರೂಪ ಬರೆದವನು ಇಟಲಿಯ ಮಿಕೆಲೊಟ್ಟಿ. 1961ರಿಂದ ಅದು ಮದರಾಸಿನಲ್ಲೂ ತಯಾರಾಗತೊಡಗಿತು. 948 ಸಿಸಿಯ ಪುಟ್ಟ ಎಂಜಿನ್. ಇಂಗ್ಲೆಂಡಿನ ಹೆರಾಲ್ಡಿಗೆ ಎರಡೇ ಬಾಗಿಲು. ನಮ್ಮ ಸಂಸಾರಗಳಿಗೆ ಅದು ಸಾಲದೆಂದು 1968ರಲ್ಲಿ ಮದರಾಸಿನವರು ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದರು. ಆ ನಾಲ್ಕು ಬಾಗಿಲಿನದು ಭಾರತ ಬಿಟ್ಟರೆ ಬೇರೆಲ್ಲೂ ತಯಾರಾಗಲಿಲ್ಲ. ಅಪ್ಪ 1974ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು ಅಂಥದೊಂದು, 1969ರ ಮಾಡೆಲ್. ಬಿಳಿ ಬಣ್ಣ. ಕೊಟ್ಟದ್ದು ಹನ್ನೊಂದು ಸಾವಿರ. ಹಿಂದಿನ ಎರಡು ಬಾಗಿಲು ಇದ್ದರೆ ಚೀಲ ತುಂಬುವುದು ಸುಲಭ ಎಂಬುದೊಂದೇ ಅವರ ಲೆಕ್ಕ. ಆನೇಕಲ್ಲಿನಲ್ಲಿ ಅಮ್ಮನ ತವರಿನಿಂದ ಬಂದ ಮನೆಯೊಂದು ನಮ್ಮದಾಗಿತ್ತು; ಕಾಗದಪತ್ರವೆಲ್ಲ ಆ ವಿಳಾಸಕ್ಕೆ. ಹೀಗೆ ಮದರಾಸಿನಲ್ಲಿ ಹುಟ್ಟಿದ ಕಾರು ಮೈಸೂರಿನ ನಂಬರು ಹೊತ್ತು ತಮಿಳುನಾಡಿನ ಕನ್ನಡದ ಮನೆಯೊಂದಕ್ಕೆ ದುಡಿಯತೊಡಗಿತು.

ಅಪ್ಪ ಬಂದವರೇ ಹಿಂದಿನ ಸೀಟನ್ನು ಕಳಚಿ ಅಟ್ಟಕ್ಕೆ ಹಾಕಿದರು. ಎಡಗಡೆ ಹಿಂಬಾಗಿಲ ಕಂಬಕ್ಕೆ ಬೆರಳು ಗಾತ್ರದ ಒಂದು ಕಬ್ಬಿಣದ ಕೊಕ್ಕೆ ಬೆಸೆಸಿದರು. ಸ್ಪ್ರಿಂಗ್ ತಕ್ಕಡಿ ನೇತುಹಾಕುವುದಕ್ಕೆ ಅದು. ರೈತನ ಮನೆ ಬಾಗಿಲಲ್ಲೇ ಕಾರು ನಿಲ್ಲಿಸಿ, ತಕ್ಕಡಿ ನೇತುಹಾಕಿ, ಅವನ ಕಣ್ಣೆದುರೇ ತೂಗುತ್ತಿದ್ದರು. "ತಕ್ಕಡಿ ಮುಳ್ಳು ಅವನಿಗೂ ಕಾಣ್ಬೇಕು, ನನಗೂ ಕಾಣ್ಬೇಕು" ಎನ್ನುವುದು ಅವರ ಮಾತು. ರಾತ್ರಿ ಊಟ ಮಾಡಿ ಹೊರಟರೆ ಆನೇಕಲ್, ಹಾರೋಹಳ್ಳಿ ದಾಟಿ ಬೆಳಗಾಗುವುದರೊಳಗೆ ರಾಮನಗರ. ಹಳದಿ ಗೂಡುಗಳ ಚೀಲಗಳ ನಡುವೆ ಒಮ್ಮೊಮ್ಮೆ ಅಣ್ಣನನ್ನೂ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಗೂಡಿನ ವಾಸನೆ ಬಲ್ಲವರೇ ಬಲ್ಲರು. ಜೀವವಿರುವ ಹುಳುವಿನ ಬಿಸಿ, ಸೊಪ್ಪಿನ ಹಸಿ, ಅದರ ಮೇಲೆ ಸತ್ತ ಹುಳುವಿನ ಕಮಟು. ಅಮ್ಮ ಆ ಕಾರಿನಲ್ಲಿ ಕೂತದ್ದು ನನಗೆ ನೆನಪಿರುವಂತೆ ನಾಲ್ಕೋ ಐದೋ ಸಲ, ಅದೂ ಸೆರಗಿನಿಂದ ಮೂಗು ಮುಚ್ಚಿಕೊಂಡು. "ಏನೂಂದ್ರೆ, ಮದುವೆ ಮನೆಗೆ ಹೋಗ್ತಿದೀವೋ ಹುಳದ ಮನೆಗೆ ಹೋಗ್ತಿದೀವೋ?" ಎಂದು ಕೇಳುತ್ತಿದ್ದಳು.

ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಊಜಿ ನೊಣ ಬಂತು.

ಊಜಿ ಎಂದರೆ ಮನೆಯ ನೊಣಕ್ಕಿಂತ ತುಸು ದೊಡ್ಡದು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಮರಿ ಹುಳುವಿನ ಒಳಹೊಕ್ಕು ತಿನ್ನುತ್ತದೆ. ಹೊಕ್ಕ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಎಳೆಯ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಬೆಳೆದದ್ದಾದರೆ ಗೂಡೇನೋ ಕಟ್ಟುತ್ತದೆ, ಆದರೆ ಊಜಿಯ ಮರಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಬಂಗಾಳದಲ್ಲಿ ಹಿಂದಿನಿಂದಲೂ ಇದ್ದ ಈ ಪೀಡೆ ಅಲ್ಲಿಂದ ತಂದ ಗೂಡಿನ ಜೊತೆ 1980ರಲ್ಲಿ ಕರ್ನಾಟಕಕ್ಕೆ ಬಂತು. ನೊಣಕ್ಕೆ ರಾಜ್ಯದ ಗಡಿ ಯಾವ ಲೆಕ್ಕ? ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಬೇಕು, ಸತ್ತ ಹುಳುಗಳನ್ನು ಸುಡಬೇಕು ಎಂಬುದೆಲ್ಲ ಊರಿನವರಿಗೆ ತಿಳಿಯುವ ಹೊತ್ತಿಗೆ ಎರಡು ಮೂರು ಬೆಳೆ ಹೋಗಿತ್ತು. ಅಪ್ಪ ಕೊಟ್ಟ ಮುಂಗಡವೆಲ್ಲ ರೈತರ ಮನೆಯಲ್ಲೇ ಮುಳುಗಿತು. ಕೇಳಿದರೆ ಕೊಡುವುದಕ್ಕೆ ಅವರ ಹತ್ತಿರ ಏನಿತ್ತು? ಅಪ್ಪ ಕೇಳಲೂ ಇಲ್ಲ. ಆದರೆ ಅಪ್ಪನಿಗೆ ಹಣ ಕೊಟ್ಟಿದ್ದ ಸಾಲಗಾರರು ಕೇಳದೆ ಬಿಡುವವರಲ್ಲ.

1982ರ ಶ್ರಾವಣದಲ್ಲಿ ಕಾರು ಹೋಯಿತು. ನನಗಾಗ ಹನ್ನೆರಡು ವರ್ಷ. ಪ್ಯಾಂಟು ತೊಟ್ಟ ಇಬ್ಬರು ಬಂದು ಒಂಬತ್ತು ಸಾವಿರ ಎಣಿಸಿ ಕೊಟ್ಟರು. ಅಪ್ಪ ಅಟ್ಟದಿಂದ ಹಿಂದಿನ ಸೀಟನ್ನು ಇಳಿಸಿ, ಧೂಳು ಹೊಡೆದು, ತಾವೇ ಜೋಡಿಸಿ ಕೊಟ್ಟರು. ಹಣವನ್ನು ಅದೇ ಸಂಜೆ ಸಾಲಗಾರರಿಗೆ ಮುಟ್ಟಿಸಿ ಬಂದು ಸ್ನಾನ ಮಾಡಿ ಊಟಕ್ಕೆ ಕೂತರು. ಆ ದಿನದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ. ಆಮೇಲೆ ಅಪ್ಪ ಟಿವಿಎಸ್ ಮೊಪೆಡ್ ಒಂದನ್ನು ಕೊಂಡರು. 1980ರಲ್ಲಿ ಹೊಸೂರಿನಲ್ಲೇ ತಯಾರಾಗತೊಡಗಿದ್ದ ಗಾಡಿ ಅದು. ಹಿಂದೆ ಒಂದು ಮುಂದೆ ಒಂದು ಚೀಲ ಕಟ್ಟಿಕೊಂಡು ಚಿಲ್ಲರೆ ವ್ಯಾಪಾರ ಮಾಡಿ ನಮ್ಮಿಬ್ಬರನ್ನೂ ಓದಿಸಿದರು. ಅಣ್ಣ ಫಿಟ್ಟರ್ ಕೆಲಸ ಕಲಿತು ಸಿಪ್ಕಾಟಿನ ಕಾರ್ಖಾನೆಯೊಂದಕ್ಕೆ ಸೇರಿದ. ನಾನು ಕನ್ನಡ ಶಾಲೆಯ ಟೀಚರಾದೆ. ಅಮ್ಮ 2011ರಲ್ಲಿ ತೀರಿಕೊಂಡಳು.

ಅಣ್ಣ ನಿವೃತ್ತನಾದ ವರ್ಷ, 2022ರಲ್ಲಿ, ಒಂದು ಸಂಜೆ ನನ್ನ ಮನೆಗೆ ಬಂದು, "ಅಪ್ಪನ ಕಾರು ಹುಡುಕೋಣ ಕಣಮ್ಮಾ" ಎಂದ. ನನಗೆ ನಗು ಬಂತು. ನಲವತ್ತು ವರ್ಷದ ಹಿಂದೆ ಹೋದ ಕಾರು ಗುಜರಿಯಲ್ಲಿ ಕರಗಿ ಯಾರ ಮನೆಯ ಕಿಟಕಿ ಸರಳಾಗಿದೆಯೋ! ಅಣ್ಣ ನಗಲಿಲ್ಲ. ಅತ್ತಿಗೆಯೂ ನಗಲಿಲ್ಲ, ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಮಾವನಿಗೆ ಎಂಬತ್ತೆರಡು. ಕಣ್ಣು ಮಂಜು. ಈ ಕಾರು ಬೇಕಾಗಿರೋದು ಅವರಿಗೋ, ನಿಮಗೋ?" ಗ್ರಾಚ್ಯುಯಿಟಿ ಹಣ ಇನ್ನೂ ಬ್ಯಾಂಕಿನಲ್ಲಿ ಬೆಚ್ಚಗಿತ್ತು, ಮಗಳ ಮದುವೆ ಮುಂದಿತ್ತು. ಆಕೆ ಕೇಳಿದ್ದರಲ್ಲಿ ತಪ್ಪೇನಿದೆ? ಅಣ್ಣ ತುಸು ಹೊತ್ತು ಸುಮ್ಮನಿದ್ದು, "ಇಬ್ಬರಿಗೂ" ಎಂದ. ಮದುವೆಗೆಂದು ಇಟ್ಟ ಹಣ ಮುಟ್ಟುವುದಿಲ್ಲ, ಅಪ್ಪನ ಕಣ್ಣಿನ ಚಿಕಿತ್ಸೆ ಮೊದಲು, ಉಳಿದರೆ ಕಾರು ಎಂದು ಒಪ್ಪಂದವಾಯಿತು. ಚಿಕಿತ್ಸೆ ಆಯಿತು. ಒಂದು ಕಣ್ಣು ಅರ್ಧ ಉಳಿಯಿತು, ಇನ್ನೊಂದು ಉಳಿಯಲಿಲ್ಲ.

ಹುಡುಕುವುದಕ್ಕೆ ನಮ್ಮ ಹತ್ತಿರ ಇದ್ದದ್ದು ಅಪ್ಪನ ಲೆಕ್ಕದ ಪುಸ್ತಕಗಳು. ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ಪುಸ್ತಕಗಳು. ಅಣ್ಣನ ಮಕ್ಕಳಿಬ್ಬರೂ ಅವನ್ನು ತಿರುವಿ ಹಾಕಿ ಕೈಚೆಲ್ಲಿದರು. ಅವರು ಓದಿದ್ದು ಇಂಗ್ಲಿಷ್ ಮೀಡಿಯಂ, ಜೊತೆಗೆ ತಮಿಳು. 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ತಮಿಳು ಕಡ್ಡಾಯ. ಕನ್ನಡ ಮನೆಯ ಮಾತಾಗಿ ಉಳಿದಿದೆ, ಕಣ್ಣಿನ ಮಾತಾಗಿ ಉಳಿದಿಲ್ಲ. ಅವರು ತಾತನೊಡನೆ ಲೊಡಲೊಡ ಕನ್ನಡ ಮಾತಾಡುತ್ತಾರೆ, ತಾತ ಬರೆದದ್ದನ್ನು ಓದಲಾರರು. ಸಾಲದ್ದಕ್ಕೆ ಅಪ್ಪ ಅಂಕಿಗಳನ್ನೂ ಕನ್ನಡದಲ್ಲೇ ಬರೆದಿದ್ದರು. ನಾನು ಎರಡು ಭಾನುವಾರ ಕೂತು ಓದಿದೆ. 1982ರ ಪುಸ್ತಕದಲ್ಲಿ ಒಂದೇ ಸಾಲು ಸಿಕ್ಕಿತು: ಕಾರಿನ ನಂಬರು, ಒಂಬತ್ತು ಸಾವಿರ ಜಮಾ, ಕೊಂಡವರ ಊರು ಕೋಲಾರ ಚಿನ್ನದ ಗಣಿ, ಚಾಂಪಿಯನ್ ರೀಫ್. ಹೆಸರಿನ ಮೇಲೆ ಮಸಿ ಚೆಲ್ಲಿತ್ತು.

ಅಷ್ಟು ಸಾಕಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅಲ್ಲಿನ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೂ ಹೊಸೂರಿಗೂ ಬಂದರು. ಅಣ್ಣನ ಜೊತೆ ಕೆಲಸ ಮಾಡಿದ್ದವರಲ್ಲಿ ಅಂಥವರೊಬ್ಬರಿದ್ದರು. "ಹೆರಾಲ್ಡಾ? ನಾಲ್ಕು ಬಾಗಿಲಿಂದಾ? ಆ ಮನೆ ನನಗೆ ಗೊತ್ತು ಸಾರ್, ಕಾರಿನ ಮೇಲೆ ನಾವು ಹತ್ತಿ ಆಡ್ತಿದ್ವಿ" ಎಂದು ಅವರು ಅಂದಾಗ ಅಣ್ಣನಿಗೆ ಮಾತೇ ಹೊರಡಲಿಲ್ಲವಂತೆ.

ಮಾಲೂರು, ಬಂಗಾರಪೇಟೆ ದಾಟಿ ಹೋದೆವು. ಸಯನೈಡ್ ದಿಬ್ಬಗಳ ಬೂದು ಬೆಟ್ಟಗಳು, ನಿಂತುಹೋದ ಗಣಿಯ ಗಾಲಿಗಳು, ಸಾಲುಮನೆಗಳು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂದಿದ್ದ ಊರು ಅದು. ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ, ಟಾರ್ಪಾಲಿನ ಅಡಿಯಲ್ಲಿ, ಕಾರು ಇತ್ತು. ಟೈರುಗಳು ನೆಲಕ್ಕಂಟಿದ್ದವು. ಬಣ್ಣ ಬಿಳಿ ಹೋಗಿ ನೀಲಿಯಾಗಿ, ನೀಲಿಯೂ ಹೋಗಿ ಬೂದಿಯಾಗಿತ್ತು. ಒಳಗೆ ಕೋಳಿ ಮರಿ ಮಾಡಿತ್ತು. ಅಣ್ಣ ನೇರವಾಗಿ ಎಡಗಡೆಯ ಹಿಂಬಾಗಿಲು ತೆರೆದು ಕೈ ಹಾಕಿದ. ಕೊಕ್ಕೆ ಇತ್ತು.

ಮನೆಯಲ್ಲಿದ್ದದ್ದು ಕಾರು ಕೊಂಡವರ ಹೆಂಡತಿ, ಎಪ್ಪತ್ತೈದರ ಪ್ರಾಯದ ತಮಿಳು ತಾಯಿ. ಯಜಮಾನರು ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಹತ್ತೊಂಬತ್ತು ವರ್ಷ ಈ ಕಾರನ್ನು ಓಡಿಸಿದ್ದರು. ಗಣಿ ಮುಚ್ಚಿದ ವಾರ ತಂದು ನಿಲ್ಲಿಸಿದವರು ಮತ್ತೆ ಮುಟ್ಟಲಿಲ್ಲ; ಮೂರು ವರ್ಷಕ್ಕೆ ಹೋಗಿಬಿಟ್ಟರು. ಗುಜರಿಯವರು ಎಷ್ಟೋ ಸಲ ಬಂದು ಕೇಳಿದರೂ ಆಕೆ ಕೊಟ್ಟಿರಲಿಲ್ಲ. ನಾವು ವಿಷಯ ಹೇಳಿದಾಗ ಆಕೆಯ ಮಗ ಮೊದಲು ಅಂದದ್ದು: "ನಿಮಗೆ ಅದು ನಿಮ್ಮ ಅಪ್ಪನ ಕಾರು. ನಮಗೂ ಅದು ನಮ್ಮ ಅಪ್ಪನ ಕಾರೇ ಅಲ್ಲವಾ?" ನಮ್ಮ ಹತ್ತಿರ ಉತ್ತರವಿರಲಿಲ್ಲ. ಎಂಟು ವರ್ಷ ನಮ್ಮದು, ನಲವತ್ತು ವರ್ಷ ಅವರದು. ಲೆಕ್ಕ ಹಾಕಿದರೆ ನಾವೇ ಪರಕೀಯರು. ಕರ್ನಾಟಕದೊಳಗೆ ತಮಿಳು ಮಾತಾಡುವ ಆ ಮನೆ, ತಮಿಳುನಾಡಿನೊಳಗೆ ಕನ್ನಡ ಮಾತಾಡುವ ನಮ್ಮ ಮನೆ. ಕಾಫಿ ಕುಡಿಯುತ್ತಾ ಅವರು ಕನ್ನಡದಲ್ಲಿ ಮಾತಾಡಿದರು, ನಾವು ತಮಿಳಿನಲ್ಲಿ. ಇಬ್ಬರೂ ಇನ್ನೊಬ್ಬರಿಗೆ ಸುಲಭವಾಗಲೆಂದು!

ಹೊರಡುವಾಗ ಆ ತಾಯಿ ನನ್ನನ್ನು ಕರೆದು, "ಉಂಗ ಅಪ್ಪಾ ಇರುಕ್ಕಾರಾ?" ಎಂದು ಕೇಳಿದರು. ಇದ್ದಾರೆ ಎಂದೆ. "ಕಣ್ಣು ಕಾಣುತ್ತಾ?" ಸ್ವಲ್ಪ ಎಂದೆ. ಒಳಗೆ ಹೋಗಿ ಮಗನ ಹತ್ತಿರ ಏನೋ ಮಾತಾಡಿದರು. ಎರಡು ವಾರದ ಮೇಲೆ ಮಗನೇ ಫೋನ್ ಮಾಡಿದರು. "ನಮ್ಮ ಅಪ್ಪ ಇನ್ನು ಓಡಿಸೋಲ್ಲ. ನಿಮ್ಮ ಅಪ್ಪ ಕೂತಾದರೂ ಕೂರ್ತಾರೆ. ಅಮ್ಮ ಹಾಗೆ ಹೇಳ್ತಾರೆ. ಬಂದು ತಗೊಂಡು ಹೋಗಿ." ಅರವತ್ತು ಸಾವಿರಕ್ಕೆ ಮಾತಾಯಿತು. ಗುಜರಿಯವನು ಅದಕ್ಕಿಂತ ಹೆಚ್ಚು ಕೊಡುತ್ತೇನೆಂದಿದ್ದನಂತೆ. ಆರ್‌ಸಿ ಪುಸ್ತಕವನ್ನು ಆಕೆ ದೇವರ ಗೂಡಿನಿಂದ ತೆಗೆದು ಕೊಟ್ಟರು. ಅದಕ್ಕೆ ಕುಂಕುಮ ಮೆತ್ತಿಕೊಂಡಿತ್ತು.

ಲಾರಿಯ ಮೇಲೆ ಕಾರು ಆನೇಕಲ್ಲಿನ ಮನೆಗೆ ಬಂತು. ಅಪ್ಪ ಹಳ್ಳಿಯಲ್ಲಿ, ಗುಟ್ಟು ಕಾಪಾಡುವುದಕ್ಕೆ ಇದೇ ಅನುಕೂಲ. ರಿಪೇರಿಗೆ ಹೊಸೂರಿನ ಹಳೆಯ ಮೆಕ್ಯಾನಿಕ್ ಭಾಯಿಯೊಬ್ಬರು ಸಿಕ್ಕಿದರು. ಎಪ್ಪತ್ತು ದಾಟಿದವರು, ಶೆಡ್ಡು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದವರು. ಹೆರಾಲ್ಡ್ ಎಂದೊಡನೆ ಎದ್ದು ಬಂದರು. ಈ ಕಾರಿನ ಒಂದು ಸೊಗಸೆಂದರೆ ಮುಂಭಾಗ ಪೂರ್ತಿ, ಮಡ್ಗಾರ್ಡಿನ ಸಮೇತ, ಬಾಯಿ ತೆರೆದಂತೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಚಕ್ರದ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಇನ್ನೊಂದು, ಈ ಕಾಲದ ಕಾರುಗಳಂತೆ ಇದು ಒಂದೇ ಡಬ್ಬಿಯಲ್ಲ. ಕೆಳಗೆ ಬೇರೆ ಛಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿಯ ತುಂಡುಗಳು. ಆದ್ದರಿಂದ ಬಿಚ್ಚುವುದು ಸುಲಭ. ಗಣಿ ಊರಿನ ಒಣ ಹವೆಗೆ ಛಾಸಿ ಬದುಕಿತ್ತು. ಬದಿಯ ತೋಳುಗಳು ಮಾತ್ರ ತುಕ್ಕು ತಿಂದಿದ್ದವು. ನಿಮ್ಮ ಕಾಸರಗೋಡಿನ ಇಪ್ಪತ್ತು ಮಳೆಗಾಲ ಕಂಡಿದ್ದರೆ ನಮಗೆ ಸಿಗುತ್ತಿದ್ದದ್ದು ನಂಬರ್ ಪ್ಲೇಟು ಮಾತ್ರ.

ಎಂಜಿನ್ ಹಿಡಿದುಕೊಂಡಿತ್ತು. ಭಾಯಿ ನಾಲ್ಕೂ ಪ್ಲಗ್ಗು ಬಿಚ್ಚಿ ತೂತುಗಳಿಗೆ ಡೀಸೆಲ್ ಹುಯ್ದು, "ಹತ್ತು ದಿನ ಯಾರೂ ಮುಟ್ಟಬೇಡಿ" ಎಂದರು. ಹನ್ನೊಂದನೆಯ ದಿನ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ತೂಗಿದರು, ಮಗುವನ್ನು ತೂಗುವಂತೆ. ಮಧ್ಯಾಹ್ನದ ಹೊತ್ತಿಗೆ ಕ್ರ್ಯಾಂಕು ಒಂದಿಂಚು ತಿರುಗಿತು. ಸಿಲಿಂಡರು ಕೊರೆಸಿ, ಓವರ್‌ಸೈಜ್ ಪಿಸ್ಟನ್ ಹಾಕಬೇಕಾಯಿತು. ಡೈನಮೋವಿಗೆ ಹೊಸ ವೈಂಡಿಂಗ್. ಗಾಜಿನ ಸುತ್ತಿನ ರಬ್ಬರು, ಬ್ರೇಕಿನ ವಾಷರು ಇಂಥವು ಇಂಗ್ಲೆಂಡಿನಲ್ಲಿ ಈಗಲೂ ತಯಾರಾಗುತ್ತವೆ. ಅಣ್ಣನ ಮಗ ತರಿಸಿಕೊಟ್ಟ. ಆದರೆ ಹಿಂದಿನ ಬಾಗಿಲುಗಳದು ಏನೂ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡೇ ಇಲ್ಲವಲ್ಲ! ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಅಲೆದದ್ದಾಯಿತು. ಕೊನೆಗೆ ಅಣ್ಣನೇ ಸಿಪ್ಕಾಟಿನ ಲೇತ್ ಅಂಗಡಿಯೊಂದರಲ್ಲಿ ಕೂತು ಕೀಲು, ಚಿಲಕ ಕಡೆಸಿದ. ಮೂವತ್ತಾರು ವರ್ಷ ಯಾರದೋ ಯಂತ್ರಕ್ಕೆ ಮಾಡಿದ ಕೆಲಸವನ್ನು ಮೊದಲ ಬಾರಿಗೆ ತನ್ನ ಮನೆಗೆ ಮಾಡುತ್ತಿದ್ದೇನೆ ಎಂದು ಅವನೊಮ್ಮೆ ಹೇಳಿದ.

ಭಾಯಿ ಹೇಳಿಕೊಟ್ಟ ಒಂದು ವಿಷಯವನ್ನು ಇಲ್ಲಿ ಬರೆದಿಡಬೇಕು. ಹೆರಾಲ್ಡಿನ ಮುಂದಿನ ಚಕ್ರ ತಿರುಗುವುದು ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ಒಂದು ಕೀಲಿನ ಮೇಲೆ. ನೋಡಿದವರೆಲ್ಲ ಅದಕ್ಕೆ ಗ್ರೀಸು ತುಂಬುತ್ತಾರೆ. ಗ್ರೀಸು ಒಣಗಿ ಗಟ್ಟಿಯಾಗಿ, ಒಳಗೆ ನೀರು ಸೇರಿ, ಒಂದು ದಿನ ಕಂಬ ಮುರಿದು ಚಕ್ರ ಮಲಗುತ್ತದೆ. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. "ಮೂರು ತಿಂಗಳಿಗೊಮ್ಮೆ ಎಣ್ಣೆ. ಗ್ರೀಸು ಹಾಕಿದರೆ ನನ್ನ ಕರೀಬೇಡಿ" ಎಂದು ಭಾಯಿ ಖಡಾಖಂಡಿತವಾಗಿ ಹೇಳಿದರು.

ಪೇಂಟಿನ ಶೆಡ್ಡಿನವನು ಮೂರು ತಿಂಗಳೆಂದು ಹೇಳಿ ಒಂಬತ್ತು ತಿಂಗಳು ಇಟ್ಟುಕೊಂಡ. ಕೊನೆಗೆ, "ಈ ಕೊಕ್ಕೆ ಕಂಪೆನಿದಲ್ಲ ಸಾರ್, ಕತ್ತರಿಸಿ ನೈಸ್ ಮಾಡ್ತೀನಿ" ಎಂದ. ಅಣ್ಣ ಅವನ ಕೈ ಹಿಡಿದು ತಡೆದ. ಡ್ಯಾಷ್‌ಬೋರ್ಡಿನ ಮೇಲೆ ಗಣಿಯ ಯಜಮಾನರು ಅಂಟಿಸಿದ್ದ ಮುರುಗನ ಪಟವೂ ಇತ್ತು. ಅದನ್ನೂ ತೆಗೆಸಲಿಲ್ಲ, ಪಕ್ಕದಲ್ಲಿ ನಮ್ಮ ಹೊಸೂರು ಬೆಟ್ಟದ ಚಂದ್ರಚೂಡೇಶ್ವರನ ಪಟವನ್ನು ಅಂಟಿಸಿದೆವು. ಹೇಗೂ ಅಪ್ಪ ಮಕ್ಕಳಲ್ಲವೇ.

ಇನ್ನು ಕಾಗದದ ಕಥೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆಯ ಗಾಡಿಗಳಿಗಾಗಿ ಒಂದು ನಿಯಮ ತಂದಿದೆ. ಐವತ್ತು ವರ್ಷ ದಾಟಿರಬೇಕು, ಛಾಸಿ, ಬಾಡಿ, ಎಂಜಿನ್ನಿನ ಮೂಲ ರೂಪ ಕೆಡಿಸಿರಬಾರದು. ಅಂಥ ಗಾಡಿಗೆ ವಿಂಟೇಜ್ ಎಂದು ನೋಂದಣಿ. ಹತ್ತು ವರ್ಷದ ಅವಧಿ. ಹೊಸದಾಗಿ ನೋಂದಾಯಿಸುವುದಕ್ಕೆ ಇಪ್ಪತ್ತು ಸಾವಿರ, ನವೀಕರಣಕ್ಕೆ ಐದು ಸಾವಿರ. ನಮಗೆ ಮುಖ್ಯವಾದದ್ದು ಒಂದೇ ಮಾತು: ಮೊದಲೇ ನೋಂದಣಿಯಾಗಿದ್ದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆರ್‌ಸಿ ಪುಸ್ತಕ ಕುಂಕುಮದ ಸಮೇತ ಇದ್ದದ್ದರಿಂದ ಎಂವೈ ಉಳಿಯಿತು. ಆದರೆ ಇದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ. ವಿಂಟೇಜ್ ಗಾಡಿಯನ್ನು ದಿನಬಳಕೆಗೆ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ ಮಾತ್ರ ಹೊರಗೆ ತರಬಹುದು. ಎಲ್ಲ ಸೇರಿ ನಾಲ್ಕೂವರೆ ಲಕ್ಷ ಮುಟ್ಟಿತ್ತು. ಅತ್ತಿಗೆ ನಿಯಮವನ್ನು ಕೇಳಿ ಏನೂ ಅನ್ನಲಿಲ್ಲ. ಅದೇ ಆಕೆಯ ದೊಡ್ಡತನ.

2024ರ ಆಯುಧಪೂಜೆಗೆ ಅಪ್ಪನನ್ನು ಆನೇಕಲ್ಲಿಗೆ ಕರೆತಂದೆವ��. ಗಣಿಯ ತಾಯಿಯನ್ನೂ ಮಗನನ್ನೂ ಕರೆದಿದ್ದೆವು. ಕಾರು ಅಂಗಳದಲ್ಲಿ ಬಾಳೆಕಂದು ಕಟ್ಟಿಕೊಂಡು ನಿಂತಿತ್ತು, ಮತ್ತೆ ಬಿಳಿಯಾಗಿ. ಅಪ್ಪನಿಗೆ ಅದು ಬೆಳ್ಳಗಿನ ಒಂದು ಗುಡ್ಡೆಯಾಗಿ ಕಂಡಿರಬೇಕು. "ಯಾರದೋ ಇದು, ಜಾಗ ಬಿಡದಂಗೆ ನಿಲ್ಸವ್ರೆ?" ಎಂದರು. ಅಣ್ಣ ಮಾತಾಡದೆ ಎಂಜಿನ್ ಚಾಲೂ ಮಾಡಿದ. ಅಪ್ಪ ನಿಂತುಬಿಟ್ಟರು. ಕೈಕೋಲನ್ನು ನನಗೆ ಕೊಟ್ಟು, ಎಡಗೈಯನ್ನು ಕಾರಿನ ಮೈಮೇಲೆ ಇಟ್ಟು ಸವರಿಕೊಂಡು ಹಿಂಬಾಗಿಲವರೆಗೆ ಹೋದರು. ಬಾಗಿಲು ತೆರೆದರು. ಕೈ ತಾನಾಗಿ ಕಂಬದ ಮೇಲಕ್ಕೆ ಹೋಯಿತು. ಕೊಕ್ಕೆಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು.

ನಾವೆಲ್ಲ ಅಳುತ್ತಾರೆ ಎಂದುಕೊಂಡಿದ್ದೆವು. ಅಪ್ಪ ಅಳಲಿಲ್ಲ. ತಲೆಯನ್ನು ಒಳಗೆ ತೂರಿಸಿ ಎರಡು ಸಲ ಮೂಸಿದರು. "ವಾಸ್ನೆ ಇಲ್ಲ ಕಣಮ್ಮಾ" ಎಂದರು. "ನಿಮ್ಮಮ್ಮ ಇದ್ದಿದ್ರೆ ಈಗ ಕೂರ್ತಿದ್ಲು." ಆಮೇಲೆ ಅಣ್ಣನನ್ನು ಕರೆದು ಕೇಳಿದ್ದು, ಎಷ್ಟು ಖರ್ಚಾಯಿತು ಎಂದಲ್ಲ. "ಯಾರ ಹತ್ರ ಇತ್ತೋ ಇಷ್ಟು ದಿನ?" ಎಂದು. ಅಣ್ಣ ಆ ತಾಯಿಯನ್ನು ತೋರಿಸಿದ. ಅಪ್ಪ ಕೈಮುಗಿದು ತಮಿಳಿನಲ್ಲಿ ಮಾತಾಡಿಸಿದರು. ಆಕೆ ಕನ್ನಡದಲ್ಲಿ ಉತ್ತರಿಸಿದರು. 1982ರಲ್ಲಿ ಕಾರು ಕೊಂಡು ಹೋದ ದಿನ ಒಳಗಿನ ವಾಸನೆಗೆ ಆಕೆಯೂ ಮೂಗು ಮುಚ್ಚಿಕೊಂಡಿದ್ದರಂತೆ. ಮೂರು ವಾರ ಸಾಂಬ್ರಾಣಿ ಹೊಗೆ ಹಾಕಿದರೂ ಹೋಗಿರಲಿಲ್ಲವಂತೆ. ಅಪ್ಪ ಆ ದಿನ ಮೊದಲ ಸಲ ಗಟ್ಟಿಯಾಗಿ ನಕ್ಕರು.

ಆ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅಪ್ಪ ಹಿಂದೆ ಕೂತರು. ಅಣ್ಣ ಅಂಗಳದಲ್ಲೇ ಒಂದು ಸುತ್ತು ತಿರುಗಿಸಿದ. ಹೆರಾಲ್ಡಿಗೆ ಇಪ್ಪತ್ತೈದು ಅಡಿ ಜಾಗವಿದ್ದರೆ ಸಾಕು, ರಿವರ್ಸ್ ಹಾಕದೆ ತಿರುಗುತ್ತದೆ. ರಸ್ತೆಯಲ್ಲಿ ಓಡಿಸುವಂತಿಲ್ಲ ಎಂದು ನಾನು ಅಳುಕುತ್ತಾ ಹೇಳಿದಾಗ ಅಪ್ಪ, "ಸರಿ ಬಿಡು, ನನ್ನಂಗೇ ಆಯ್ತು. ಹಬ್ಬಕ್ಕೆ ಕರ್ಕೊಂಡು ಬಂದು ಕೂರಿಸ್ತೀರಿ, ಆಮೇಲೆ ಒಳಗೆ ಕರ್ಕೊಂಡು ಹೋಗ್ತೀರಿ" ಎಂದರು. ಅತ್ತಿಗೆ ಆ ಮಾತಿಗೆ ನಗುತ್ತಾ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಬೇಕೋ ಬೇಡವೋ ಎಂದು ಆಕೆ ಮತ್ತೆ ಕೇಳಿಲ್ಲ.

ಈಗ ನಮ್ಮ ಜಿಲ್ಲೆಯಲ್ಲಿ ಕರೆಂಟಿನ ಸ್ಕೂಟರುಗಳು ತಯಾರಾಗುತ್ತವೆ. ಹೊಸೂರಿನಲ್ಲಿ ಒಂದು ಕಾರ್ಖಾನೆ, ಪೋಚಂಪಳ್ಳಿಯಲ್ಲಿ ಇನ್ನೊಂದು. ನಮ್ಮ ಹೆರಾಲ್ಡು ಆನೇಕಲ್ಲಿನ ಶೆಡ್ಡಿನಲ್ಲಿದೆ. ಹದಿನೈದು ದಿನಕ್ಕೊಮ್ಮೆ ಅಣ್ಣ ಹೋಗಿ ಚಾಲೂ ಮಾಡಿ ಬರುತ್ತಾನೆ. ಅವನ ಮಗಳು ನನ್ನ ಹತ್ತಿರ ಕನ್ನಡ ಅಂಕಿ ಕಲಿತು ತಾತನ ಲೆಕ್ಕದ ಪುಸ್ತಕವನ್ನು ಒಂದೊಂದು ಪುಟವಾಗಿ ಓದಿ ಹೇಳುತ್ತಿದ್ದಾಳೆ. ಯಾವ ಊರಿನ ಯಾವ ರೈತನಿಗೆ ಎಷ್ಟು ಮುಂಗಡ ಎಂದು ಅವಳು ಓದುತ್ತಿದ್ದರೆ ಅಪ್ಪ ಆ ಮನೆಯ ಗುರುತು ಹೇಳುತ್ತಾರೆ. ವಸೂಲಾಗದ ಸಾಲಗಳ ಹತ್ತಿರ ಬಂದಾಗ ಮಾತ್ರ, "ಮುಂದಿನ ಪುಟ ತಿರುಗಿಸು" ಎನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಸರಿಯಾಗಿ ಅಣ್ಣನಿಗೆ ಫೋನ್ ಹೋಗುತ್ತದೆ: "ಟ್ರನಿಯನ್ನಿಗೆ ಎಣ್ಣೆ ಬಿಟ್ಟೆಯೇನೋ? ಗ್ರೀಸು ಹಾಕಿಬಿಟ್ಟೀಯ, ಜೋಕೆ."